ಕತ್ತರಿ ಕೆಳಗಿಟ್ಟ ಮಾಸ್ತರರು

ನಮ್ಮ ಊರಿನಲ್ಲಿ ಅತ್ಯಂತ ಕೆಟ್ಟ ಕೋಟು ತೊಡುವವರು ಯಾರೆಂದು ಯಾರಾದರೂ ಕೇಳಿದರೆ, ಊರಿನ ಅತ್ಯುತ್ತಮ ಕಟಿಂಗ್ ಮಾಸ್ತರರ ಕಡೆಗೇ ಬೆರಳು ತೋರಿಸಬೇಕಾಗುತ್ತದೆ. ಆ ಕೋಟಿನ ಎಡಭುಜ ಆಕಾಶವನ್ನೂ ಬಲಭುಜ ಭೂಮಿಯನ್ನೂ ನೋಡುತ್ತಿರುತ್ತದೆ. ಒಂದು ತೋಳು ಬೆರಳ ತುದಿಯವರೆಗೆ ಇಳಿದರೆ, ಇನ್ನೊಂದು ಕೈಗಡಿಯಾರವನ್ನು ಲೋಕಕ್ಕೆಲ್ಲ ಪ್ರದರ್ಶಿಸುತ್ತ ಮೇಲೆಯೇ ನಿಂತುಬಿಡುತ್ತದೆ. ಬೆನ್ನಿನ ನಡುವೆ, ಯಾರೋ ಮುಷ್ಟಿಯಲ್ಲಿ ಹಿಡಿದೆಳೆದು ಬಿಟ್ಟಂತೆ, ಒಂದು ಶಾಶ್ವತವಾದ ಸುಕ್ಕು. ನಾನು ಗುಂಡಿ, ದಾರ, ಜಿಪ್ಪು, ಅಸ್ತರಿನ ಬಟ್ಟೆ ಮಾರುವವನು; ಮನುಷ್ಯರನ್ನು ಉಡುಪಿನಿಂದ ಅಳೆಯುವುದು ನನ್ನ ಕಸುಬಿನ ಭಾಗ. ಮಾಸ್ತರರು ಕೆಲಸ ಮಾಡುವ ಸಮವಸ್ತ್ರದ ಕಾರ್ಖಾನೆಗೆ ಮೊದಲ ಸಲ ಕಾಲಿಟ್ಟ ದಿನ, ಬಾಗಿಲಲ್ಲಿ ನಿಂತಿದ್ದ ಇವರನ್ನು ಕಾವಲುಗಾರರೆಂದೇ ತಿಳಿದು, ಗುಂಡಿಯ ಪೆಟ್ಟಿಗೆಯನ್ನು ಕೈಗೆ ಕೊಟ್ಟು, "ಇದನ್ನ ಸ್ವಲ್ಪ ಒಳಗಿಡಪ್ಪಾ, ಕಟಿಂಗ್ ಮಾಸ್ಟ್ರು ಎಲ್ಲಿದಾರೆ?" ಎಂದು ಕೇಳಿದ್ದೆ. ಅವರು ಪೆಟ್ಟಿಗೆಯನ್ನು ಹೊತ್ತು ನನ್ನನ್ನು ಒಳಗೆ ಕರೆದೊಯ್ದು, ಉದ್ದನೆಯ ಮೇಜಿನ ಮೇಲೆ ಅದನ್ನಿಳಿಸಿ, ಕೈ ಒರೆಸಿಕೊಂಡು, "ಹ್ಞಾ, ಈಗ ಹೇಳಿ. ನಾನೇ" ಎಂದರು. ಅಂದಿನಿಂದ ಅವರೊಡನೆ ಗುಂಡಿಯ ದರದ ವಿಷಯದಲ್ಲಿ ನಾನು ಎಂದೂ ತಲೆಯೆತ್ತಿ ಮಾತಾಡಿದವನಲ್ಲ.

ಕೋಟಿನ ರಹಸ್ಯ ನನಗೆ ತಿಳಿದದ್ದು ಒಂದು ವರ್ಷದ ಮೇಲೆ. ಅವರ ಕೈಕೆಳಗೆ ಹೊಸದಾಗಿ ಕತ್ತರಿ ಹಿಡಿದವರು ಯಾರೇ ಆಗಲಿ, ಮೊಟ್ಟಮೊದಲು ಕತ್ತರಿಸಬೇಕಾದ ಕೋಟು ಮಾಸ್ತರರ ಅಳತೆಯದು. ಅದು ಹೇಗೇ ಬರಲಿ, ಅವರು ಅದನ್ನು ಮುಂದಿನ ಕೋಟು ಸಿದ್ಧವಾಗುವವರೆಗೆ ದಿನವೂ ತೊಟ್ಟುಕೊಂಡು ಓಡಾಡುತ್ತಾರೆ.

"ಈ ವರ್ಷದ್ದು ಪರವಾಗಿಲ್ಲ ಸಾಹುಕಾರ್ರೇ," ಎಂದು ಭುಜ ಕುಣಿಸಿದರು. "ಹೋದ ವರ್ಷದ್ದರಲ್ಲಿ ಕೂತ್ರೆ ಏಳೋಕಾಗ್ತಿರ್ಲಿಲ್ಲ, ಎದ್ರೆ ಕೂರೋಕಾಗ್ತಿರ್ಲಿಲ್ಲ."

"ಮಾನ ಮರ್ಯಾದೆ ನೋಡ್ಕೋಬಾರ್ದಾ ಮಾಸ್ಟ್ರೇ? ತಪ್ಪಿದ್ರೆ ಕರೆದು ಹೇಳಿದ್ರಾಯ್ತಪ್ಪ."

"ಹೇಳಿದ್ರೆ ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಡ್ತಾರೆ. ಇದು ಹಾಗಲ್ಲ. ಕಣ್ಣೆದುರಿಗೆ ದಿನಾ ಓಡಾಡ್ತಿರುತ್ತಲ್ಲ, ಎಲ್ಲಿಗೆ ಹೋಗ್ತಾರೆ?"

ಅವರ ನಡಿಗೆಯೂ ಕೋಟಿನಷ್ಟೇ ವಿಲಕ್ಷಣವಾದದ್ದು. ಎರಡೂ ಕೈಗಳನ್ನು ಬೆನ್ನ ಹಿಂದೆ ಕೊಂಡೊಯ್ದು, ಪೊಲೀಸಿನವನು ಕಳ್ಳನನ್ನು ಹಿಡಿದಂತೆ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಮುಂಬಾಗಿದ ಬಕಪಕ್ಷಿಯ ಗಾಂಭೀರ್ಯದಲ್ಲಿ ಮೇಜಿನ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಒಬ್ಬೊಬ್ಬರ ಹೆಗಲ ಬಳಿಯೂ ಅರೆನಿಮಿಷ ನಿಲ್ಲುತ್ತಾರೆ. ಸರಿಯಿದ್ದರೆ ಮುಂದೆ ಸಾಗುತ್ತಾರೆ, ಏನಾದರೂ ಅನುಮಾನ ಬಂದರೆ ಅವರ ಬಾಯಿಂದ ಹೊರಡುವುದು ಒಂದೇ ಪ್ರಶ್ನೆ: "ಬಟ್ಟೆ ಏನಂತಿದೆ?" ಅಷ್ಟೆ. ಎಲ್ಲಿ ತಪ್ಪಿದೆ, ಏನು ಮಾಡಬೇಕು, ಒಂದನ್ನೂ ಹೇಳುವುದಿಲ್ಲ. ಕೇಳಿಸಿಕೊಂಡವರು ಕತ್ತರಿ ನಿಲ್ಲಿಸಿ, ಗೀಟುಗಳನ್ನು ಮತ್ತೆ ಅಳೆದು, ಬಟ್ಟೆಯನ್ನು ಸವರಿ, ಹಣೆ ಉಜ್ಜಿಕೊಂಡು ತಾವೇ ತಪ್ಪನ್ನು ಪತ್ತೆ ಹಚ್ಚಬೇಕು. ಕಾರ್ಖಾನೆಯ ಹೆಂಗಸರಿಗೆ ಈ ಪ್ರಶ್ನೆ ಎಷ್ಟು ಬಾಯಿಪಾಠವಾಗಿತ್ತೆಂದರೆ, ಯಾರಾದರೂ ಊಟ ಬಿಟ್ಟು ಮುಖ ಕಿವುಚಿ ಕೂತರೆ, "ಹೊಟ್ಟೆ ಏನಂತಿದೆಯೇ?" ಎಂದು ಮಾಸ್ತರರ ದನಿಯಲ್ಲೇ ಕೇಳಿ ಬಿದ್ದುಬಿದ್ದು ನಗುತ್ತಿದ್ದರು.

ಮಾಸ್ತರರು ಹುಟ್ಟಿನಿಂದಲೇ ಇಂಥ ತಪಸ್ವಿಗಳಾಗಿರಲಿಲ್ಲ. ಅವರ ಪೂರ್ವಾಶ್ರಮವನ್ನು ಕಂಡವರು ಹೇಳುವ ಪ್ರಕಾರ, ಇನ್ನೊಬ್ಬರ ಕೈಯಲ್ಲಿ ಕತ್ತರಿ ಒಂದು ಕ್ಷಣ ತಡವರಿಸಿದರೆ ಸಾಕು, ಗಿಡುಗನಂತೆ ಎರಗಿ ಅದನ್ನು ಕಿತ್ತುಕೊಂಡು, "ಬಿಡಿ ಬಿಡಿ, ನಾನೇ ಮಾಡ್ತೀನಿ" ಎನ್ನುವುದು ಅವರ ನಿತ್ಯಕರ್ಮವಾಗಿತ್ತು. ಈ ಚಟ ಮನೆಯವರೆಗೂ ಹಿಂಬಾಲಿಸಿದ್ದನ್ನು ಅವರ ಹೆಂಡತಿ ನನಗೆ ತುಂಬು ಉತ್ಸಾಹದಿಂದ ವರ್ಣಿಸಿದ್ದಾರೆ: "ಹುರುಳಿಕಾಯಿ ಒಂದೇ ಅಳತೆಗಿಲ್ಲ ಅಂತ ಚಾಕು ಕಿತ್ಕೊಂಡ್ರು ನೋಡಿ. ತಗೊಳ್ಳಿ ಅಂತ ಸೌಟೂ ಕೊಟ್ಟೆ, ಒಲೆನೂ ಕೊಟ್ಟೆ, ತಂಗಿ ಮನೆಗೆ ಹೋಗಿ ಹದಿನೈದು ದಿನ ಇದ್ದು ಬಂದೆ. ವಾಪಸ್ ಬರೋಷ್ಟರಲ್ಲಿ ಇವರು ಅರ್ಧ ಇಳಿದುಹೋಗಿದ್ರು. ಕಾಯಿ ಮಾತ್ರ ಒಂದೇ ಅಳತೆ!"

ಇಂಥವರನ್ನು ನೆಲಕ್ಕೆ ಕೆಡವಿದ್ದು ಸೊಂಟ. ಒಂದು ಬೆಳಿಗ್ಗೆ ಬಟ್ಟೆಯ ಥಾನು ಎತ್ತಲು ಬಗ್ಗಿದವರು ಮೇಲೇಳಲಿಲ್ಲ. ವೈದ್ಯರು ಹನ್ನೊಂದು ದಿನ ಅಂಗಾತ ಮಲಗಿರಬೇಕೆಂದು ವಿಧಿಸಿದರು. ಕಾರ್ಖಾನೆಯಲ್ಲಿ ಬಟ್ಟೆಯ ಮೇಲೆ ಗೀಟು ಹಾಕಬಲ್ಲ ಇನ್ನೊಬ್ಬ ನರಪ್ರಾಣಿ ಇರಲಿಲ್ಲ. ಎರಡನೆಯ ದಿನ ಕಾರ್ಖಾನೆಯ ಯಜಮಾನರು ಬಟ್ಟೆಯನ್ನು ಮನೆಗೇ ಹೊತ್ತು ತಂದು ಮಾಸ್ತರರ ಹೊದಿಕೆಯ ಮೇಲೆ ಹಾಸಿದರು. ಹೊಟ್ಟೆಯನ್ನೇ ಮೇಜು ಮಾಡಿಕೊಂಡು, ತಲೆಯನ್ನು ಎರಡು ದಿಂಬಿನ ಮೇಲಿಟ್ಟು, ಸೀಮೆಸುಣ್ಣದಲ್ಲಿ ಇವರು ಗೀಟೆಳೆಯುವುದು, ಉಸಿರಾಡಿದಾಗಲೆಲ್ಲ ಗೀಟು ಡೊಂಕಾಗುವುದು, ಪಕ್ಕದಲ್ಲಿ ನಿಂತ ಯಜಮಾನರು ಕಾತರದಿಂದ, "ಮಾಸ್ಟ್ರೇ, ತೋಳು ಮುಗಿಯೋವರೆಗೆ ಸ್ವಲ್ಪ ಉಸಿರು ಹಿಡ್ಕೊಳ್ಳಿ!" ಎನ್ನುವುದು. ನೋಡಲು ಬಂದವರೆಲ್ಲ ನೀವಿಲ್ಲದೆ ಅಲ್ಲಿ ಒಂದು ಕಡ್ಡಿಯೂ ಅಲುಗುವುದಿಲ್ಲವೆಂದು ಹೊಗಳಿದರು. ಮೊದಲೆರಡು ದಿನ ಆ ಹೊಗಳಿಕೆಯಿಂದ ಸೊಂಟದ ನೋವು ಕಡಿಮೆಯಾದಂತೆ ಅನ್ನಿಸಿತಂತೆ. ಐದನೆಯ ದಿನಕ್ಕೆ ನಾಚಿಕೆ ಶುರುವಾಯಿತು. "ಹದಿನೆಂಟು ವರ್ಷ ಇದ್ದು ಒಬ್ಬರಿಗೂ ಏನೂ ಕಲಿಸ್ಲಿಲ್ಲ ಅನ್ನೋದನ್ನ ಜನ ಅಷ್ಟು ನಯವಾಗಿ ಹೇಳ್ತಿದ್ರು ಸಾಹುಕಾರ್ರೇ. ನಾನು ಪೆದ್ದ, ಹೊಗಳಿಕೆ ಅಂದ್ಕೊಂಡಿದ್ದೆ."

ಹನ್ನೆರಡನೆಯ ದಿನ ಎದ್ದು ಬಂದವರು ತಮ್ಮ ಕತ್ತರಿಯನ್ನು ಕಪಾಟಿನಲ್ಲಿಟ್ಟು, ಬೀಗದ ಕೈಯನ್ನು ಬಾಗಿಲ ಕಾವಲಿನವನ ಕೈಗೆ ಕೊಟ್ಟರು. ತಾವು ಎಷ್ಟೇ ಅಂಗಲಾಚಿದರೂ ಯಜಮಾನರ ಅಪ್ಪಣೆಯಿಲ್ಲದೆ ಅದನ್ನು ಕೊಡಕೂಡದೆಂದು ಆಣೆಯನ್ನೂ ಮಾಡಿಸಿಕೊಂಡರು. ಮೊದಲ ಮೂರು ತಿಂಗಳು ಕೈ ನವೆಯಾಡುತ್ತಿತ್ತಂತೆ. ಕೈಗಳು ಬೆನ್ನ ಹಿಂದಕ್ಕೆ ಹೋದದ್ದು ಆಗಲೇ. ಗಿರಾಕಿ ಏನು ಕೇಳಿದರೆಂಬುದನ್ನು ಆರ್ಡರ್ ಚೀಟಿಯಲ್ಲಿ ಬರೆದು ಮೇಜಿನ ಮೇಲಿನ ಮೊಳೆಗೆ ಸಿಕ್ಕಿಸಬೇಕು, ಅದನ್ನು ಓದದೆ ಯಾರೂ ಬಟ್ಟೆ ಮುಟ್ಟಬಾರದು ಎಂಬ ಕಟ್ಟಳೆಯೂ ಆಗಿನದೇ; ಅಲ್ಲಿಯವರೆಗೆ ಆ ವಿವರಗಳೆಲ್ಲ ಅವರ ತಲೆಯಲ್ಲಿ ಮಾತ್ರ ಇರುತ್ತಿದ್ದವು.

ನಾನು ಅಲ್ಲಿಗೆ ಹೋಗಿಬರತೊಡಗಿದ ಮೇಲೆ ಒಮ್ಮೆ, ಯಾರೋ ಕಿವಿಯೂದಿದ್ದರಿಂದ ಯಜಮಾನರು ನಾಯಕತ್ವದ ಗುಣಗಳನ್ನು ಬೋಧಿಸುವ ತಜ್ಞರೊಬ್ಬರನ್ನು ಕರೆಸಿದರು. ಆ ಮಹಾಶಯರು ನೀಲಿ ಕೋಟು ತೊಟ್ಟು, ಬೆಳಗಿನಿಂದ ಮಧ್ಯಾಹ್ನದವರೆಗೆ ಹಲಗೆಯ ಮೇಲೆ ಬಾಣಗಳನ್ನೂ ಮೆಟ್ಟಿಲುಗಳನ್ನೂ ಬಿಡಿಸಿ, ನಮ್ಮೆಲ್ಲರನ್ನೂ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಅಸ್ತರಿನ ಬಟ್ಟೆ ಇಳಿಸಲು ಹೋಗಿದ್ದ ನಾನೂ ಹೊಡೆದೆ. ಕೊನೆಗೆ, ಯಾರಿಗಾದರೂ ಪ್ರಶ್ನೆಗಳಿವೆಯೇ ಎಂದಾಗ ಎದ್ದವರು ಮಾಸ್ತರರೊಬ್ಬರೇ. "ಸ್ವಾಮೀ, ನಿಮ್ಮ ಕೋಟಿನ ಎಡತೋಳು ಅರ್ಧ ಇಂಚು ಉದ್ದ ಇದೆ. ಕೈ ಎತ್ತಿದಾಗೆಲ್ಲ ನಮ್ಮ ಹೆಣ್ಣುಮಕ್ಕಳ ಗಮನ ಅಲ್ಲಿಗೇ ಹೋಗ್ತಿದೆ. ಊಟಕ್ಕೆ ಕೂತಾಗ ಬಿಚ್ಚಿಕೊಡಿ, ಸರಿ ಮಾಡಿಸ್ತೀವಿ." ಭುಜವೊಂದು ಆಕಾಶಕ್ಕೆ, ಒಂದು ಭೂಮಿಗೆ ಇದ್ದ ಮನುಷ್ಯನಿಂದ ಈ ಮಾತು ಕೇಳಿ ತಜ್ಞರು ಬೆರಗಾದರು. ತೋಳನ್ನು ಬಿಚ್ಚಿ, ಕತ್ತರಿಸಿ, ಮತ್ತೆ ಕೂರಿಸಿದ್ದು ಮಾಸ್ತರರಲ್ಲ, ಗುಂಡಿ ಅಕ್ಕ.

ಈಕೆಯ ಬಗ್ಗೆ ಹೇಳಲೇಬೇಕು. ಒಂಬತ್ತು ವರ್ಷ ಕಿಟಕಿಯ ಪಕ್ಕ ಕೂತು ಗುಂಡಿ ಹಾಕಿದ್ದರಿಂದ ಬಂದ ಹೆಸರು ಅದು. ನಾನು ಕೊಟ್ಟ ಗುಂಡಿಗಳಲ್ಲಿ ಒಂದರ ತೂತು ಕೂದಲೆಳೆಯಷ್ಟು ವಾರೆಯಾಗಿದ್ದರೂ ಹೆಕ್ಕಿ ತೆಗೆದು ವಾಪಸು ಕಳಿಸುತ್ತಿದ್ದ ಮಹಾತಾಯಿ. ಇಂಥ ಕಣ್ಣು ಗುಂಡಿಗೆ ಮೀಸಲಾಗಿರುವುದು ಅನ್ಯಾಯವೆಂದು ಮಾಸ್ತರರು ಆಕೆಯನ್ನು ಕತ್ತರಿಸುವ ಮೇಜಿಗೆ ಎಳೆದು ತಂದಿದ್ದರು. ಯಜಮಾನರಿಗೆ ಇದು ಗಂಟಲಲ್ಲಿ ಇಳಿದಿರಲಿಲ್ಲ. ಅಷ್ಟರಲ್ಲಿ ಒಂದು ವಾದ್ಯತಂಡದ ಅರವತ್ತನಾಲ್ಕು ಕೆಂಪು ಮಖಮಲ್ಲಿನ ಕೋಟುಗಳ ಕೆಲಸ ಬಂತು. ಗಿರಣಿಯವರು ಆ ಬಣ್ಣವನ್ನು ನಿಲ್ಲಿಸಿಬಿಟ್ಟಿದ್ದರು. ಇದ್ದಷ್ಟೇ ಬಟ್ಟೆ, ಹಾಳಾದರೆ ಇನ್ನೊಂದು ಗೇಣು ಎಲ್ಲಿಯೂ ಸಿಗುವಂತಿರಲಿಲ್ಲ. ಅದನ್ನು ಗುಂಡಿ ಅಕ್ಕನೇ ಕತ್ತರಿಸಲಿ ಎಂದು ಮಾಸ್ತರರು ಹಟ ಹಿಡಿದರು.

"ಸರಿ ಮಾಸ್ಟ್ರೇ, ನಿಮ್ಮ ಮಾತೇ ನಡೀಲಿ," ಎಂದರು ಯಜಮಾನರು. "ಆದ್ರೆ ಒಂದು ತುಂಡು ಕೆಟ್ರೂ ಅಕ್ಕ ವಾಪಸ್ ಗುಂಡಿಗೆ. ಆಮೇಲೆ ಈ ಕಲಿಸೋದು ಗಿಲಿಸೋದು ಎಲ್ಲಾ ಬಂದ್. ಕಪಾಟು ತೆಗೆದು ನೀವೇ ಕತ್ತರಿ ಹಿಡೀಬೇಕು."

ಮಖಮಲ್ಲಿನ ಮೈ ಬೆಕ್ಕಿನ ಮೈಯಂಥದು: ಒಂದು ದಿಕ್ಕಿಗೆ ಸವರಿದರೆ ನುಣುಪು, ಎದುರು ಸವರಿದರೆ ಒರಟು. ಒಂದೇ ಕೋಟಿನ ತುಂಡುಗಳು ಬೇರೆ ಬೇರೆ ದಿಕ್ಕಿಗೆ ನಿಂತರೆ ಒಂದು ಕಡುಗೆಂಪಾಗಿಯೂ ಇನ್ನೊಂದು ಮಾಸಿದಂತೆಯೂ ಕಾಣುತ್ತದೆ. ಕತ್ತರಿಸುವ ದಿನ ಬೆಳಿಗ್ಗೆ ನಾನು ಹಿತ್ತಾಳೆಯ ಗುಂಡಿಗಳನ್ನು ತಲುಪಿಸುವ ನೆಪದಲ್ಲಿ ಮೇಜಿನ ತುದಿಯಲ್ಲಿ ಠಿಕಾಣಿ ಹೂಡಿದ್ದೆ. ಬೆನ್ನು, ಎದೆ, ತೋಳುಗಳ ಗೀಟುಗಳೆಲ್ಲ ಒಂದೇ ದಿಕ್ಕಿಗೆ, ಕವಾಯತಿಗೆ ನಿಂತಂತೆ ನಿಂತಿದ್ದವು. ಕಾಲರುಗಳು ಮಾತ್ರ ಅಷ್ಟೂ ತಲೆಕೆಳಗಾಗಿ ಮಲಗಿದ್ದವು. ನನಗೇ ಕಂಡಿತೆಂದರೆ ಮಾಸ್ತರರಿಗೆ ಕಾಣದೆ ಇದ್ದೀತೇ? ಅಕ್ಕ ಕತ್ತರಿಯನ್ನು ಕಾಲರಿನ ಗೀಟಿಗೆ ಹಚ್ಚಿದ್ದಳು. ಮಾಸ್ತರರ ಬಲಗೈ ಎಡಗೈಯ ಹಿಡಿತದಿಂದ ಜಾರಿ ಸೊಂಟದವರೆಗೆ ಬಂದುಬಿಟ್ಟಿತು. ಅದನ್ನು ಹಿಡಿದು ಹಿಂದಕ್ಕೆಳೆದುಕೊಳ್ಳಲು ಅವರು ಪಟ್ಟ ಪಾಡನ್ನು ನಾನು ಬಲ್ಲೆ.

"ಬಟ್ಟೆ ಏನಂತಿದೆ?" ಎಂದರು, ದನಿ ಒಂದು ಮೆಟ್ಟಿಲು ಮೇಲೆ ಹೋಗಿತ್ತು.

"ಬಟ್ಟೆ ಏನೂ ಅಂತಿಲ್ಲ," ಎಂದಳು ಅಕ್ಕ ತಲೆಯೆತ್ತದೆ. "ನೀವೇ ಏನೋ ಅಂತಿದೀರಿ."

"ಕಾಲರು ತಲೆಕೆಳಗಿದೆ."

"ಹೂಂ, ಇದೆ."

ಬಾಗಿಲಲ್ಲಿ ನಿಂತಿದ್ದ ಯಜಮಾನರು ಓಡಿಬಂದರು. "ನಿಲ್ಸಮ್ಮಾ ತಾಯಿ! ಮಾಸ್ಟ್ರೇ, ಏನ್ ನೋಡ್ತಾ ನಿಂತಿದೀರಿ? ಕಿತ್ಕೊಳ್ಳಿ ಕತ್ತರಿ! ಯಾರಲ್ಲಿ, ಕಪಾಟಿನ ಬೀಗದ ಕೈ ತನ್ನಿ!"

ಹೊಲಿಗೆಯ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಹದಿನೆಂಟು ವರ್ಷ ಮಾಡಿದ್ದನ್ನೇ ಇನ್ನೊಮ್ಮೆ ಮಾಡಿದರೆ ಸಾಕಿತ್ತು, ಅಪ್ಪಣೆಯೂ ಸಿಕ್ಕಿತ್ತು. ಮಾಸ್ತರರು ಯಜಮಾನರಿಗೂ ಮೇಜಿಗೂ ನಡುವೆ ಬಂದು ನಿಂತರು.

"ತಡೀರಿ ಯಜಮಾನ್ರೇ. ಗೊತ್ತಿಲ್ದೆ ಮಾಡಿದ್ರೆ ಗಾಬರಿ ಆಗ್ಬೇಕಿತ್ತು. ಗೊತ್ತಿದ್ದೇ ಮಾಡಿದಾಳೆ. ಯಾಕೆ ಅಂತ ಕೇಳೋಣ. ಯಾಕಮ್ಮಾ?"

ಅಕ್ಕ ಕತ್ತರಿ ಕೆಳಗಿಟ್ಟಳು. ಅಳತೆಗೆಂದು ಕತ್ತರಿಸಿಟ್ಟಿದ್ದ ಕಾಗದದ ಕಾಲರೊಂದನ್ನು ಎತ್ತಿಕೊಂಡು, ಕ್ಷಮಿಸಿ ಎನ್ನದೆಯೇ ಯಜಮಾನರ ಕುತ್ತಿಗೆಗೆ ಸುತ್ತಿದಳು. "ಹೋದ ಸಲ ಈ ವಾದ್ಯದವರ ಕಾಲರು ಹೀಗೆ ನೆಟ್ಟಗೆ ನಿಲ್ತಿತ್ತು. ಊದೋವಾಗ ಕತ್ತು ಉಜ್ಜುತ್ತೆ, ಈ ಸಲ ಮಡಚೋ ಕಾಲರು ಬೇಕು ಅಂತ ವಾದ್ಯದ ಮೇಷ್ಟ್ರು ಹೇಳಿದಾರೆ." ಕಾಗದವನ್ನು ಹೊರಕ್ಕೆ ಮಡಚಿದಳು, ಮೇಲಿನ ಅಂಚು ಕೆಳಕ್ಕೆ ಬಂದು ಯಜಮಾನರ ಹೆಗಲ ಮೇಲೆ ಕೂತಿತು. "ಮಡಚಿದ್ರೆ ತಲೆಕೆಳಗಾಗುತ್ತೆ ತಾನೆ? ನೆಟ್ಟಗೆ ಕತ್ತರಿಸಿದ್ರೆ ಬೆನ್ನು ಒಂದು ಬಣ್ಣ, ಕಾಲರು ಒಂದು ಬಣ್ಣ. ಅದಕ್ಕೇ ಈಗ್ಲೇ ತಿರುಗಿಸಿಟ್ಟಿದೀನಿ. ಚೀಟೀಲಿ ಬರೆದಿದೀನಲ್ಲ ಮಾಸ್ಟ್ರೇ, ಮೊಳೆ ಮೇಲೇ ಇದೆ. ನೀವು ಓದ್ಲಿಲ್ವಾ?"

ಮಾಸ್ತರರು ಓದಿರಲಿಲ್ಲ. ಮೊಳೆಯಿಂದ ಚೀಟಿ ತೆಗೆದು, ಕನ್ನಡಕ ಏರಿಸಿ, ತುಟಿಯಲ್ಲಾಡಿಸುತ್ತ ಕೊನೆಯ ಅಕ್ಷರದವರೆಗೂ ಓದಿದರು. ಆಮೇಲೆ ಇಡೀ ಕಾರ್ಖಾನೆಗೆ ಕೇಳುವಂತೆ, "ನಾನೇನಾದ್ರೂ ಕೈ ಹಾಕಿದ್ದಿದ್ರೆ ಇವತ್ತು ಅರವತ್ತನಾಲ್ಕು ಕಾಲರಿಗೂ ತಿಥಿ ಆಗ್ತಿತ್ತು ಯಜಮಾನ್ರೇ!" ಎಂದು ಹೇಳಿ ನಗಲಾರಂಭಿಸಿದರು. ಕುತ್ತಿಗೆಗೆ ಕಾಗದ ಸುತ್ತಿಕೊಂಡೇ ನಿಂತಿದ್ದ ಯಜಮಾನರು ಎಲ್ಲರ ಮುಖ ನೋಡಿ, ಕೆಮ್ಮಿ, "ಕತ್ತರಿಸಮ್ಮಾ, ಇನ್ನೇನು ನೋಡ್ತಿದೀಯ? ಈ ಮೇಜಿನ ಕೆಲಸ ನಿಂದೇ ಇನ್ಮೇಲೆ" ಎಂದು ಗದರುವ ದನಿಯಲ್ಲೇ ಬಡ್ತಿ ಕೊಟ್ಟು ಹೊರಟುಹೋದರು.

ನಲ್ಲಿಯ ಬಳಿ ನೀರು ಕುಡಿಯುತ್ತಿದ್ದ ಮಾಸ್ತರರನ್ನು ನಾನು ಬಿಡಲಿಲ್ಲ. "ಬೇಜಾರಾಯ್ತಾ?" ಎಂದೆ.

"ಆಯ್ತು ಸಾಹುಕಾರ್ರೇ. ಸುಳ್ಳು ಯಾಕೆ ಹೇಳ್ಲಿ?" ಎಂದು ಲೋಟ ತೊಳೆದಿಟ್ಟರು. "ಒಂದು ಲೋಟ ನೀರು ಕುಡಿಯೋಷ್ಟು ಹೊತ್ತು."

ಅಂಗಡಿಯಲ್ಲಿ ಕೂತು ಮನುಷ್ಯರನ್ನು ತೂಗುತ್ತ ಬಂದ ನನಗೆ, ದೊಡ್ಡವರೆನಿಸಿಕೊಂಡವರ ಬೆಲೆ ಕಟ್ಟುವುದು ಬಹುಕಾಲ ಸುಲಭವಾಗಿಯೇ ಕಂಡಿತ್ತು: ಅವರು ಎದ್ದುಹೋದರೆ ಎಷ್ಟು ಕೆಲಸ ನಿಲ್ಲುತ್ತದೆ ಎಂದು ನೋಡಿದರಾಯಿತು, ಹೆಚ್ಚು ನಿಂತಷ್ಟೂ ದೊಡ್ಡ ಮನುಷ್ಯ. ಈ ಲೆಕ್ಕದಲ್ಲಿ ನಾನೂ ನನ್ನ ಅಂಗಡಿಯ ಮಟ್ಟಿಗೆ ಮಹಾಪುರುಷನೇ. ಆದರೆ ತಮ್ಮ ಮಾತಿಗೆ ತಲೆಯಾಡಿಸುವವರನ್ನು ಸಾಕಿಕೊಂಡು, ಆ ತಲೆಗಳ ನಡುವೆ ಎತ್ತರವಾಗಿ ಕಾಣುವುದು ಅಂಥ ಕಷ್ಟದ ವಿದ್ಯೆಯೇನಲ್ಲ. ನಮ್ಮಲ್ಲಿ ಹೆಚ್ಚಿನವರು ಅದರಲ್ಲೇ ಮುದುಕರಾಗುತ್ತೇವೆ. ತಮಗೆ ಎದುರು ನಿಂತು, ನಾಲ್ಕು ಜನರ ಮುಂದೆ, ನೀವು ಹೇಳುತ್ತಿರುವುದು ತಪ್ಪು ಎನ್ನಬಲ್ಲ ಒಂದು ಜೀವವನ್ನು ಕೈಯಾರೆ ಬೆಳೆಸುವವರು ಅಲ್ಲೊಬ್ಬರು ಇಲ್ಲೊಬ್ಬರು. ಆ ಮಾತು ಕೇಳಿಸಿದ ದಿನ ಅವರಿಗೂ ನೋಯುತ್ತದೆ, ಅವರೂ ಮನುಷ್ಯರೇ. ಆದರೆ ತಮ್ಮ ಇಷ್ಟು ವರ್ಷಗಳ ದುಡಿಮೆ ಫಲ ಕೊಟ್ಟಿತೆಂದು ಎಲ್ಲರಿಗಿಂತ ಮೊದಲು ಗುರುತಿಸುವವರೂ ಅವರೇ, ಎಲ್ಲರಿಗಿಂತ ಜೋರಾಗಿ ನಗುವವರೂ ಅವರೇ.