ಎರಡು ಕಿಲೋ

ತುಪ್ಪದ ವಾಸನೆ, ಮುಂದಿನ ಸೀಟಿನ ಹೆಂಗಸು ಶೇಂಗಾ ಹೋಳಿಗೆ ಮುರಿದು ಮಗುವಿನ ಬಾಯಿಗಿಡುತ್ತಿದ್ದಾಳೆ, ಮಗು ಚಪ್ಪರಿಸಿ ಇನ್ನೂ ಬೇಕೆಂದು ಕೈ ಚಾಚುತ್ತದೆ, ಎಷ್ಟು ಸುಲಭ — ಸೋಮಲಿಂಗ ಮಾಸ್ತರರು ಮುಖ ತಿರುಗಿಸಿ ಬಸ್ಸಿನ ಕಿಟಕಿಗೆ ಹಣೆ ಒತ್ತಿದರು, ಖಾನಾಪುರ ಹಿಂದಾಯಿತು, ಇನ್ನು ದೇಸೂರು, ಮಚ್ಛೆ, ಆಮೇಲೆ ಬೆಳಗಾವಿ, ಆಸ್ಪತ್ರೆ, ಎರಡನೇ ಮಹಡಿ, ಅಲ್ಲಿ ಮೇಘಾ. ಹದಿನಾರು ವರ್ಷದವಳು, ಅವರ ಶಾಲೆಯ ಕುಸ್ತಿಯ ಹುಡುಗಿ, ಇಪ್ಪತ್ತೆರಡು ವರ್ಷ ಪಿ.ಟಿ. ಮಾಸ್ತರಿಕೆ ಮಾಡಿದರೂ ಅಂಥ ಹಿಡಿತ ಅವರು ಕಂಡಿರಲಿಲ್ಲ, ಎದುರಾಳಿಯ ಮಣಿಕಟ್ಟಿಗೆ ಒಮ್ಮೆ ಕೈ ಬಿದ್ದರೆ ಬಿಡಿಸಿಕೊಳ್ಳುವ ಮಾತೇ ಇಲ್ಲ. ತೂಕ ಮಾತ್ರ ನಲವತ್ತೆಂಟು. ನಲವತ್ತೊಂಬತ್ತರ ವರ್ಗದಲ್ಲಿ ಶಹಾಪುರದ ಪೂರ್ಣಿಮಾ ಇದ್ದಳು, ಹೋದ ವರ್ಷ ಇವಳನ್ನು ಚಿತ್ ಮಾಡಿದವಳು, ನಲವತ್ತಾರಕ್ಕಿಳಿದರೆ ದಾರಿ ಖುಲ್ಲಾ — ಎರಡು ಕಿಲೋ ಇಳಸವಾ, ಎರಡು ಕಿಲೋ ಅಂದ್ರ ಏನ್ ಮಹಾ, ಅನ್ನ ಬಿಡು, ನೀರು ಕಡಿಮಿ ಕುಡಿ, ಎರಡೆರಡು ಸ್ವೆಟರ್ ಹಾಕ್ಕೊಂಡು ಓಡು, ಹೂಂ ರೀ ಸರ್ ಅಂದಿದ್ದಳು, ಯಾಕೆ ಎಂದು ಸಹ ಕೇಳಲಿಲ್ಲ, ಒಂದು ಸಲ ಕೇಳಿದ್ದರೆ. ಗೆದ್ದಳಲ್ಲ, ಬಂಗಾರದ ಪದಕ, ಹೆಡ್‌ಮಾಸ್ತರರು ಪೇಢೆ ಹಂಚಿದರು, ಅವಳು ತನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು, ತಮ್ಮನಿಗಿರಬೇಕು ಎಂದುಕೊಂಡರು ಇವರು, ಅವಳಿಗೆ ತಮ್ಮನೇ ಇಲ್ಲವೆಂದು ಆಮೇಲೆ ತಿಳಿಯಿತು. ಮುಂದೆ ಪಂದ್ಯವಿರಲಿಲ್ಲ, ಆದರೂ ಇಳಿಯುವುದು ನಿಲ್ಲಲಿಲ್ಲ, ನಲವತ್ನಾಲ್ಕು, ನಲವತ್ತೊಂದು, ದಿನಾ ಬೆಳಿಗ್ಗೆ ಮಲಪ್ರಭಾ ಸೇತುವೆಯವರೆಗೆ ಓಡುತ್ತಿದ್ದಳು, ಬೈಕಿನ ಮೇಲೆ ಎದುರಾದಾಗ ಇವರು ಕೈ ಎತ್ತಿ ಭಲೇ ಎನ್ನುತ್ತಿದ್ದರು, ಅವಳ ಮುಖ ಅರಳುತ್ತಿತ್ತು, ಕೆನ್ನೆಯ ಎಲುಬು ಕಾಣಲಿಲ್ಲವೇ ನಿನಗೆ, ಕಂಡಿತ್ತು, ಉಳಿದ ಹುಡುಗಿಯರಿಗೆ ಅವಳನ್ನೇ ತೋರಿಸಿ, ನೋಡ್ರಿ, ಹಿಂಗಿರಬೇಕು ಮೈ, ಎಂದಿದ್ದರು. ತಾಯಿ ಮಾಲಾ ಶಾಲೆಗೆ ಬಂದು ಸೆರಗಿನ ತುದಿ ತಿರುವುತ್ತ ನಿಂತಿದ್ದಳು, ಸರ್, ಹುಡುಗಿ ರೊಟ್ಟಿ ಮುಟ್ಟವಲ್ಲಳ್ರಿ, ಕೂದ್ಲ ಉದುರಾಕ ಹತ್ಯಾವ, ಮತ್ತ ತಿಂಗಳದ್ದೂ ನಿಂತೈತ್ರಿ, ಆ ಕೊನೆಯ ಮಾತಿಗೆ ಮಾಸ್ತರರಿಗೆ ಮುಜುಗರ, ಬೇಗ ಕಳಿಸಿದರೆ ಸಾಕು, ಆಟದಾಗ ಇರೂ ಹುಡುಗ್ಯಾರಿಗೆ ಹಂಗ ಆಗ್ತೈತಿ, ಏನೂ ಆಗಂಗಿಲ್ಲ ಹೋಗವಾ. ನಂಬಿ ಹೋದಳು. ಎರಡು ತಿಂಗಳಿಗೆ ಪ್ರಾರ್ಥನೆಯ ಸಾಲಿನಲ್ಲಿ ಮೇಘಾ ಬಿದ್ದಳು, ಎತ್ತಿಕೊಂಡವರು ಇವರೇ, ಎತ್ತಿದ ತೋಳಿಗೇ ಗಾಬರಿಯಾಗುವಷ್ಟು ಹಗುರ.

ಫಿನಾಯಿಲ್ ವಾಸನೆ, ಮೆಟ್ಟಿಲು, ಬಾಗಿಲಲ್ಲೇ ಡಾಕ್ಟರು ತಡೆಯುತ್ತಾರೆ, ಹೃದಯ ಸೊರಗೇತ್ರಿ, ಎಲುಬು ಮುದುಕಿ ಎಲುಬಾಗ್ಯಾವ, ಉಣಿಸಿದ್ದು ಕಕ್ಕಿ ಬರ್ತಾಳ, ಇದು ಹೊಟ್ಟಿ ರೋಗ ಅಲ್ಲ ಮಾಸ್ತರ, ಮನಸಿಂದು, ಆಸೆ ಭಾಳ ಇಟ್ಕೋಬ್ಯಾಡ್ರಿ. ಮಾಲಾ ಸ್ಟೂಲು ಸರಿಸುತ್ತಾಳೆ, ಕುಂದರ್ರಿ ಸರ್, ಬೈಯುವುದಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು, ನೀವು ಹೇಳ್ರಿ, ನಿಮ್ಮ ಮಾತು ಮೀರಂಗಿಲ್ಲ ಆಕಿ — ಮೀರುವುದಿಲ್ಲ, ಹೌದು, ಅದೇ ಆದದ್ದು. ಗಂಜಿಯ ಬಟ್ಟಲು ಹಿಡಿದು, ಅವತ್ತು ನಾ ಹೇಳಿದ್ದು ತಪ್ಪಾತವಾ ಮೇಘಾ, ಉಣ್ಣು ಎನ್ನುತ್ತಾರೆ, ಮಕ್ಕಳ ಮುಂದೆ ತಪ್ಪೆಂಬ ಮಾತು ಅವರ ಬಾಯಿಂದ ಬಂದದ್ದು ಇದೇ ಮೊದಲು, ಅವಳು ನೋಡುತ್ತಾಳೆ, ಬಾಯಿ ತೆರೆಯುತ್ತಾಳೆ, ಒಂದು ಚಮಚ, ಸಣಕಲು ಕುತ್ತಿಗೆಯಲ್ಲಿ ಗುಟುಕು ಇಳಿಯುವುದು ಕಾಣುತ್ತದೆ, ಇನ್ನೊಂದು, ಮತ್ತೊಂದು, ಮಾಲಾ ಅಳುತ್ತ ನಗುತ್ತ, ಉಂಡಳ್ರೀ ಸರ್, ಉಂಡಳು ನೋಡ್ರಿ, ಎಂದು ಬಟ್ಟಲು ತೊಳೆಯಲು ಹೋಗುತ್ತಾಳೆ, ಇವರ ಕಣ್ಣೂ ಮಂಜು, ಇಷ್ಟೇ ಸಾಕಿತ್ತೇ, ಮೊದಲೇ ಬಂದಿದ್ದರೆ, ಈಗಲೂ — ಹಾಸಿಗೆಯ ಆ ತುದಿಯಲ್ಲಿ ಏನೋ ಅಲುಗುತ್ತದೆ, ಗಾಳಿಯಿರಬೇಕು, ಫ್ಯಾನು ನಿಂತಿದೆ. ಬಿಳಿ ಚಾದರದ ಕೆಳಗೆ ಎರಡು ಹಿಮ್ಮಡಿ, ಒಂದಕ್ಕೊಂದು ಅಂಟಿಕೊಂಡು ಗೇಣಷ್ಟು ಮೇಲೇಳುತ್ತವೆ, ನಡುಗುತ್ತ ನಿಲ್ಲುತ್ತವೆ, ಇಳಿಯುತ್ತವೆ, ಅವಳ ಮುಖ ಶಾಂತ, ತುಟಿ ಮಾತ್ರ ಸದ್ದಿಲ್ಲದೆ ಎಣಿಸುತ್ತಿದೆ, ಉಂಡ ಮೂರು ಚಮಚ ಕರಗಿಸುವುದಕ್ಕೆ, ಸಾಕು ಎನ್ನಬೇಕು, ಚಾದರ ಏಳುತ್ತದೆ, ಇಳಿಯುತ್ತದೆ, ಎರಡು ಹಿಮ್ಮಡಿ, ಏಳುತ್ತದೆ, ಎರಡು ಹಿಮ್ಮಡಿ