ನೀಲಿ ಆರಿದ ಮೇಲೆ

ಫುಕುಒಕಾದ ಈ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜು ತೊಳೆದು, ಅಳತೆ ತೆಗೆದು ಕೊಡುವವಳು ನಾನು. ಸಂಶೋಧಕರು ಬರುತ್ತಾರೆ, ಹೋಗುತ್ತಾರೆ. ನಾನು ಮಾತ್ರ ಗೂಟ ಹೊಡೆದುಕೊಂಡು ಕೂತಿದ್ದೇನೆ. ಸಂಶೋಧಕ ತೊಕುನಾಗನ ಕರಾರಿನ ಅವಧಿಯೂ ಮಾರ್ಚಿಗೆ ಮುಗಿಯುತ್ತಿತ್ತು. ಆದರೆ ಅವನ ಹೊಸ ಪ್ರಬಂಧ ನೋಡಿ ಅಕಿತಾದ ವಿಶ್ವವಿದ್ಯಾಲಯ ಕಾಯಂ ಕೆಲಸ ಕೊಡಲು ಒಪ್ಪಿತ್ತು. ನಲವತ್ತೊಂದನೇ ವಯಸ್ಸಿಗೆ ಮೊದಲ ಕಾಯಂ ಕೆಲಸ.

ಪ್ರಬಂಧದ ವಿಷಯ ಇಷ್ಟೇ: ಪ್ಲಾಸ್ಟಿಕ್ಕಿನಂಥ ತೆಳು ಸೌರಕೋಶ ಕೆಂಪು ಬೆಳಕನ್ನು ಹಿಡಿಯಲಾರದು, ಅದು ದಾಟಿ ಹೋಗುತ್ತದೆ. ಹಿಂದೆ ಒಂದು ಪದರವಿಟ್ಟರೆ ಅದು ಎರಡು ಕೆಂಪು ಕಣ ಸೇರಿಸಿ ಒಂದು ನೀಲಿ ಮಾಡಿ ವಾಪಸ್ ಕೊಡುತ್ತದೆ, ವಿದ್ಯುತ್ತು ಹೆಚ್ಚುತ್ತದೆ. ಹೆಚ್ಚಿತ್ತು ಕೂಡ. ನೀಲಿ ಹೊಳಪು ಬರಿಗಣ್ಣಿಗೇ ಕಾಣುತ್ತಿತ್ತು. ಇನ್ನೇನು ಬೇಕು, ಎಲ್ಲರೂ ನಂಬಿದೆವು.

ಫೆಬ್ರವರಿಯ ಒಂದು ಬೆಳಿಗ್ಗೆ ಪದರದ ಅಂಚಿನ ಅಂಟು ಬಿಟ್ಟಿತ್ತು. ಗಾಳಿ ತಾಗಿದರೆ ಆ ಹೊಳಪು ಸಾಯುತ್ತದೆ. ಸತ್ತಿತ್ತು. ಎಸೆಯುವ ಮುಂಚೆ ಕೋಶದ ವಿದ್ಯುತ್ತನ್ನು ಸುಮ್ಮನೆ ಅಳೆದೆ. ನೀಲಿ ಇಲ್ಲದೆಯೂ ಮೀಟರಿನ ಅಂಕಿ ಇಳಿಯಲೇ ಇಲ್ಲ.

ಪದರ ಎತ್ತಿ ಹಿಂದೆ ನೋಡಿದೆ: ಬಿಳಿ ತಟ್ಟೆ. ಫೋಟೋದಲ್ಲಿ ಹೊಳಪು ಇನ್ನಷ್ಟು ಕಾಣಲಿ ಎಂದು ಪದರದ ಹಿಂದಿನ ಕಪ್ಪು ತಟ್ಟೆ ತೆಗೆದು ಬಿಳಿಯದನ್ನು ಇಟ್ಟವಳು ನಾನೇ. ಮತ್ತೆ ಬದಲಿಸಲು ಮರೆತಿದ್ದೆ. ಹೋಲಿಕೆಗೆಂದು ಪದರವಿಲ್ಲದ ಕೋಶವನ್ನು ಅಳೆದದ್ದು ಮಾತ್ರ ಕಪ್ಪಿನ ಮೇಲೆ. ಹೆಚ್ಚಿದ ವಿದ್ಯುತ್ತೆಲ್ಲ ಬಿಳಿ ತಟ್ಟೆ ಹಿಂದಕ್ಕೆ ಕಳಿಸಿದ ಮಾಮೂಲಿ ಬೆಳಕಿನದು.

ಊಟದ ಹೊತ್ತಿಗೆ ತೊಕುನಾಗನಿಗೆ ಎಲ್ಲ ಹೇಳಿದೆ, ನನ್ನ ತಪ್ಪನ್ನೂ. ಅವನು ಅನ್ನದುಂಡೆಯ ಹೊದಿಕೆ ಬಿಚ್ಚುತ್ತಿದ್ದ.

“ನಾನು ಅಕಿತಾಗೆ ಹೋಗ್ತೀನಿ ಅಂತ ಹೊಟ್ಟೆಕಿಚ್ಚಾ, ಹಿದಕಾ ಸಾನ್? ಬೇಕಾದ್ರೆ ನೀವೂ ಬನ್ನಿ, ಹಿಮ ಎತ್ತೋರು ಬೇಕು ಅಲ್ಲಿ.”

“ನೀವೇ ಅಳೆದು ನೋಡಿ.”

ಹೊಸ ಪದರದ ಹಿಂದೆ ಕಪ್ಪು ತಟ್ಟೆ ಇಟ್ಟು ಮೂರು ಸಲ ಅಳೆದ. ಹೆಚ್ಚಳ ಇಲ್ಲವೆನ್ನುವಷ್ಟು ಕಡಿಮೆ.

“ಇನ್ಯಾರಿಗೆ ಗೊತ್ತು?”

“ನಮ್ಮಿಬ್ರಿಗೇ. ಬಿಟ್ಬಿಡಿ, ಯಾರು ಬಂದು ಅಳೀತಾರೆ?” ನಾಚಿಕೆಯಿಲ್ಲದೆ ನಾನೇ ಹಾಗಂದೆ.

“ಅಳೀತಾರೆ. ನನ್ನ ನಂಬ್ಕೊಂಡು ಯಾವನೋ ಮೂರು ವರ್ಷ ಅಳೀತಾನೆ. ಈ ಅಂಕಿ ಬರಲ್ಲ. ತನ್ನ ಕೈಯೇ ಸರಿಯಿಲ್ಲ ಅಂದ್ಕೋತಾನೆ.”

ಮರುದಿನವೇ ಪತ್ರಿಕೆಗೆ ಬರೆದು ಪ್ರಬಂಧ ವಾಪಸ್ ಪಡೆದ. ಅಕಿತಾದವರು ಮೂರು ಸಾಲು ಬರೆದು ಕೈತೊಳೆದುಕೊಂಡರು.

ಸೋಮವಾರದ ಸಭೆಯಲ್ಲಿ ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ಉರಾಬೆ ಅವನಿಂದ ತಪ್ಪೊಪ್ಪಿಗೆ ಓದಿಸಿದರು. ಅವನು ಎದ್ದು ನಿಂತು ಓದಿದ: “ತಟ್ಟೆ ಬದಲಿಸಿ ಮರೆತವನು ನಾನು.” ನನ್ನ ಕಡೆ ನೋಡಲೇ ಇಲ್ಲ. ಓದಿ ಮುಗಿಸಿ ಸೊಂಟದವರೆಗೆ ಬಾಗಿದ. ಎಲ್ಲರ ಜೊತೆ ನಾನೂ ತಲೆ ಬಾಗಿಸಿದೆ, ಬಾಯಿ ಬಿಡಲಿಲ್ಲ.