ನಲವತ್ತೊಂದನೆಯ ಪೆಟ್ಟಿಗೆ

"ಆ ಪುಸ್ತಕ ಒಂದು ಕೊಟ್ಟುಬಿಡಿ ಅಮ್ಮಾ, ಪೆಟ್ಟಿಗೆಗಳ ಲಾರಿ ಕಾಯ್ತಿದೆ," ಎಂದು ಪ್ರಯೋಗಾಲಯದ ಮುಖ್ಯಸ್ಥರು ಮೂರನೆಯ ಸಲ ಹೇಳಿದಾಗ, ಅವಳು ತೀರಿಹೋದ ಗಂಡನ ಅಂಗಿಗೆ ಗುಂಡಿ ಹಾಕುತ್ತಿದ್ದಳು.

"ಶವದ ಗಾಡೀನೂ ಕಾಯ್ತಿದೆ ಸರ್. ಯಾವುದು ಮೊದಲು ಅಂತ ನೀವೇ ಹೇಳಿ."

ಹೊರಗೆ ಇಕ್ಕಟ್ಟಾದ ಬೀದಿಯಲ್ಲಿ ಎರಡೂ ಗಾಡಿಗಳು ಎದುರುಬದುರು ನಿಂತು ಹಾರ್ನ್ ಬಡಿಯುತ್ತಿದ್ದವು.

ಸತ್ತವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಇನ್ನೊಂದ್ಸಲ' ಎಂದೇ. ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣವನ್ನು ಪತ್ತೆಮಾಡಲು ತಯಾರಾಗುವ ಉಪಕರಣದ ಪೆಟ್ಟಿಗೆಗಳನ್ನು ಇಪ್ಪತ್ತೇಳು ವರ್ಷ ಪರೀಕ್ಷಿಸಿದವನು. ಪಾಸೋ ಫೇಲೋ ಬರೆಯುವ ಮೊದಲು "ಇನ್ನೊಂದ್ಸಲ ನೋಡೋಣ" ಅನ್ನಲೇಬೇಕು. ಮನೆಯಲ್ಲೂ ಅದೇ ಕಾಟ. ಬೀಗ ಇನ್ನೊಂದ್ಸಲ, ನಲ್ಲಿ ಇನ್ನೊಂದ್ಸಲ. ತಪ್ಪಿಹೋದ ರೈಲುಗಳಿಗೆ ಲೆಕ್ಕವಿಲ್ಲ. ಅವಳಿಗೆ ತಲೆ ಚಿಟ್ಟುಹಿಡಿದುಹೋಗಿತ್ತು.

ನಿಯಮ ಮೀರಿ ಅವನು ಮನೆಗೆ ತಂದಿಟ್ಟುಕೊಂಡಿದ್ದ ಪರೀಕ್ಷೆಯ ದಾಖಲೆ ಪುಸ್ತಕವನ್ನು ಅವಳು ತೆರೆದಳು. ನಲವತ್ತೊಂದನೆಯ ಪೆಟ್ಟಿಗೆ: ಹತ್ತೊಂಬತ್ತು ಸಲ ಪೆಟ್ಟಿಗೆ ತೋರಿಸಿದ ಎಣಿಕೆ ಸರಿ, ಇಪ್ಪತ್ತನೆಯ ಸಲ ಕಾರಣವಿಲ್ಲದೆ ಏರಿದೆ. ಪಾಸು–ಫೇಲಿನ ಜಾಗ ಖಾಲಿ.

"ಒಂದೇ ಒಂದು ಸಲ ತಪ್ಪಿರೋದು," ಮುಖ್ಯಸ್ಥರು ದನಿ ತಗ್ಗಿಸಿದರು. "ಇವತ್ತು ಹೊರಡದಿದ್ರೆ ಹಡಗು ತಪ್ಪುತ್ತೆ. ಪಾಸು ಅಂತ ನಾನೇ ಬರ್ಕೋತೀನಿ."

"ಕೊಟ್ಟುಬಿಡಮ್ಮಾ," ಮಗಳು ರೇಗಿದಳು. "ಇದ್ದಷ್ಟು ದಿನ ಪ್ರಾಣ ತಿಂದ್ರು ಅಪ್ಪ. ಇವತ್ತಾದ್ರೂ ಹೊತ್ತಿಗೆ ಸರಿಯಾಗಿ ಹೊರಡ್ಲಿ."

*

ಒಮ್ಮೆ ರೈಲು ತಪ್ಪಿಸಿಕೊಂಡು ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದಾಗ ಅವಳು ಕೇಳಿದ್ದಳು: "ಯಾರ ಕಣ್ಣಿಗೂ ಬೀಳದ ಕಣಕ್ಕೆ ಇಷ್ಟೊಂದು ಒದ್ದಾಟ ಯಾಕ್ರೀ?"

"ಅದು ಹೊರಡುವಾಗ ಒಂದು ಬಗೆ, ದಾರೀಲಿ ಇನ್ನೊಂದು ಬಗೆ ಆಗುತ್ತೆ ಕಣೇ. ನಮ್ಮ ಪೆಟ್ಟಿಗೇನೇ ಸುಳ್ಳು ಹೇಳಿದ್ರೆ, ಕಣ ಬದಲಾಯ್ತೋ ಪೆಟ್ಟಿಗೆ ಕೆಟ್ಟಿತ್ತೋ, ಯಾರಿಗೆ ಗೊತ್ತಾಗಬೇಕು?"

"ನಿಮಗೆ ಒಂದ್ಸಲನಾದ್ರೂ ಸಿಕ್ಕಿದೆಯಾ ಅದು?"

"ನಂಗೆಲ್ಲಿ ಸಿಗುತ್ತೆ? ಪೆಟ್ಟಿಗೆ ಸರಿ ಇದೆ ಅಂತ ಹೇಳೋದಷ್ಟೇ ನನ್ನ ಕೆಲಸ," ಎಂದು ನಕ್ಕು, ಮುಂದಿನ ರೈಲಿನ ಹೊತ್ತನ್ನು ಮತ್ತೆ ನೋಡಿಬರಲು ಎದ್ದುಹೋಗಿದ್ದ. ಆ ಸಿಟ್ಟಿಗೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು.

*

ಅವಳು ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಆ ಪೆಟ್ಟಿಗೆ ಲಾರಿಯಿಂದ ಇಳಿಸಿ. ಮಿಕ್ಕಿದ್ದು ಹೋಗ್ಲಿ."

"ಏನಮ್ಮಾ ಇದು! ವಾಪಸ್ ಒಯ್ಯೋಕೆ ಗಾಡಿ ಎಲ್ಲಿದೆ?"

"ನಮ್ಮ ಗಾಡಿ ನಿಮ್ಮ ಲ್ಯಾಬಿನ ಗೇಟಿನ ಮುಂದೇನೇ ತಾನೇ ಹೋಗೋದು? ನಂಗೂ ಸಾಕಾಗಿಹೋಗಿದೆ ಸರ್, ನಿಮಗಿಂತ ಹೆಚ್ಚು. ಆದ್ರೆ ಅವರು ಬರೀದೇ ಇದ್ದಿದ್ದನ್ನ ಅವರ ಪುಸ್ತಕದಲ್ಲಿ ನೀವು ಬರೀಬೇಡಿ."

ಮುಖ್ಯಸ್ಥರು ಗಡಿಯಾರ ನೋಡಿಕೊಂಡರು, ಪುಸ್ತಕವನ್ನೂ ನೋಡಿದರು. ಆಮೇಲೆ ಗೊಣಗುತ್ತ ಹೊರಗೆ ಹೋಗಿ ಲಾರಿಯ ಹಿಂಬದಿಯ ಬಾಗಿಲು ತೆಗೆಸಿದರು. ಹೆಣ ಎತ್ತಲು ಬಂದಿದ್ದ ನಾಲ್ವರು ಮೊದಲು ಅವನನ್ನು ಶವದ ಗಾಡಿಗೆ ಏರಿಸಿದರು, ಆಮೇಲೆ ಪೆಟ್ಟಿಗೆಯನ್ನು. ತಾಯಿ ಮಗಳು ಹತ್ತಿ ಕೂತರು.

ರಸ್ತೆಯ ತುಂಬ ಹಳ್ಳಗಳು. ಮೊದಲನೆಯದಕ್ಕೇ ಗಾಡಿ ವಾಲಿತು.

"ಅಮ್ಮಾ, ಅಪ್ಪನ್ನ ಹಿಡ್ಕೋ!"

"ನೀನು ಹಿಡ್ಕೊಳ್ಳೇ."

ಅವಳು ಎರಡೂ ತೋಳುಗಳಿಂದ ಪೆಟ್ಟಿಗೆಯನ್ನು ತಬ್ಬಿ, ಅಲುಗದ ಹಾಗೆ ಎದೆಗೆ ಒತ್ತಿ ಹಿಡಿದಿದ್ದಳು.